ಗುಂಡಿಗೆ ಇಟ್ಟ ಏಣಿ

ಹುಣಸೂರಿನ ಕೊಳಚೆ ನೀರಿಗೆ ಹೊಸ ಪೈಪು ಹಾಕಲೆಂದು ಹೊಲಗಳ ನಡುವೆ ಆಳುದ್ದದ ಗುಂಡಿ ತೋಡಿದ್ದ ವರ್ಷ. ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಒಬ್ಬ ಹೆಂಗಸು ಬಿದಿರೇಣಿ ಹಿಡಿದು ನಿಂತಿದ್ದರು. ಅವರ ಊರಿನವನೇ ಇರಬೇಕು, ಒಬ್ಬ ಬಂದು ಮಾತಾಡಿಸಿದ.

“ಏನ್ ಸಿದ್ದಲಿಂಗಕ್ಕ, ಏಣಿ ತಕಂಡ್ಯಾ? ಮನೇಲೇ ಇತ್ತಲ್ಲ?”

“ಅದನ್ನ ಪೈಪಿನ ಗುಂಡಿಗೆ ಇಟ್ಟಿದ್ದೆ ಕಣೋ ಚಲುವಯ್ಯ.”

“ಗುಂಡಿಗ್ಯಾಕೆ?”

“ಉಡ, ಪುನುಗುಬೆಕ್ಕು ಎಲ್ಲಾ ಬಿದ್ದು ಹತ್ತಕ್ಕಾಗ್ದೆ ಒಳಗೇ ಸಾಯ್ತಿದ್ವು. ಏಣಿ ಓರೆಯಾಗಿ ಇಟ್ಮೇಲೆ ಹತ್ಕಂಡು ಓಗೋವು. ಮೊನ್ನೆ ನಮ್ಮೂರ ಹುಚ್ಚಯ್ಯ ಬಿದ್ದಾಗ್ಲೂ ಅದನ್ನೇ ಹತ್ಕಂಡು ಬಂದಿದ್ದು.”

“ಕಂಟ್ರಾಕ್ಟ್ರು ಸುಮ್ನಿದ್ನಾ?”

“ಎಲ್ಲಿ! ಉಡ ಸತ್ರೆ ನಿಂಗೇನಮ್ಮ ಅಂತ ದಿನಾ ಎತ್ತಿ ಬಿಸಾಕೋನು. ನಾನೂ ದಿನಾ ಇಡೋಳು. ನೆನ್ನೆ ಯಾರೋ ಸಾಹೇಬ್ರು ಬಂದ್ರು. ಜನಕ್ಕೆ, ಪ್ರಾಣಿಗೆ ಏನ್ ರಕ್ಷಣೆ ಮಾಡಿದ್ದೀಯ ಅಂತ ಕೇಳುದ್ರು. ಆ ಮುಂಡೇದು ಓಡೋಗಿ, ತಾನೇ ಬಿಸಾಕಿದ್ದ ನನ್ ಏಣಿ ತಂದು ಇಟ್ಟು ತೋರುಸ್ತು! ಫೋಟೋ ಬೇರೆ ತೆಗುಸ್ಕತ್ತು. ನನ್ನ ಮಾತ್ರ ಅಡ್ಡ ಬರಬ್ಯಾಡ, ಪಕ್ಕಕ್ಕೋಗಮ್ಮ ಅಂತು.”

“ಥೂ! ಓಗ್ಲಿ ಬುಡು, ಇನ್ಮೇಲಾದ್ರೂ ಏಣಿ ಅಲ್ಲೇ ಇರ್ತದಲ್ಲ.”

“ಎಲ್ಲಿರ್ತದೆ? ಜೀಪಿನ ಮೇಲೆ ಕಟ್ಕಂಡು ಓಗ್ಬುಟ್ರು. ಪಕ್ಕದೂರಿನ ಗುಂಡೀಲೂ ರಕ್ಷಣೆ ತೋರುಸ್ಬೇಕಲ್ಲ!”

ಬಸ್ಸು ಬಂತು. ಏಣಿಯನ್ನು ಟಾಪಿನ ಮೇಲೆ ಹಾಕಲು ಕೈಜೋಡಿಸಿದ ಚಲುವಯ್ಯ ಅದನ್ನು ತಿರುಗಿಸಿ ನೋಡಿದ.

“ಅಕ್ಕ, ಇದ್ಯಾಕೆ ಇಷ್ಟು ಸೊಟ್ಟ? ನೋಡಿ ತಕಬಾರ್ದಿತ್ತಾ?”

“ನೋಡೇ ತಂದಿವ್ನಿ ಕಣೋ,” ಆಕೆ ಸೆರಗು ಸಿಕ್ಕಿಸಿಕೊಂಡು ಬಸ್ಸು ಹತ್ತಿದರು. “ಫೋಟೋಗೆ ಚೆಂದ ಕಾಣಬಾರ್ದು.”