ಹಬ್ಬದ ಹಿಂದಿನ ದಿನದ ಲೆಕ್ಕ

ಒಂದೂರಿನಲ್ಲಿ ಒಬ್ಬ ಶ್ರೀಮಂತ. ಕೆಟ್ಟವನಲ್ಲ, ನೋಡಿ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ನನಗೂ ಸುಲಭವಾಗುತ್ತಿತ್ತು. ಊರಾಚೆ ಹತ್ತು ಸಣ್ಣ ಮನೆ ಕಟ್ಟಿಸಿದ. ಬಡವರು ಸಂಪಾದನೆಯಲ್ಲಿ ಮೂರನೇ ಒಂದು ಪಾಲನ್ನು ತಿಂಗಳಿಗೊಮ್ಮೆ ಕಂತಾಗಿ ಕಟ್ಟಬೇಕು. ಹದಿನೈದು ವರ್ಷಕ್ಕೆ ಮನೆ ಅವರದೇ. ಕಂತು ತಪ್ಪಿದರೆ ಮಾತ್ರ ಬೀಗದ ಕೈ ವಾಪಸ್. ನ್ಯಾಯವಾಗಿಯೇ ಇದೆಯಲ್ಲವೇ?

ಸಂಪಾದನೆ ಎಷ್ಟೆಂದು ಕೇಳಿದರೆ ಜನ ಸುಳ್ಳು ಹೇಳುತ್ತಾರೆಂದು ತಾನೇ ನೋಡಲು ಹೊರಟ. ಹೂ ಮಾರುವ ಒಬ್ಬ ಹೆಂಗಸಿನ ಪಕ್ಕದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತ. ಯಾವ ದಿನ, ಹೇಳಿ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ! ಮಧ್ಯಾಹ್ನಕ್ಕೇ ಬುಟ್ಟಿ ಖಾಲಿ. ಮತ್ತೆ ತಂದಳು, ಅದೂ ಖಾಲಿ. ಖರ್ಚು ಕಳೆದು ಸಾವಿರದ ಇನ್ನೂರು ಉಳಿಯಿತು. ಶ್ರೀಮಂತ ಅದನ್ನು ಮೂವತ್ತರಿಂದ ಗುಣಿಸಿ, ಮೂರು ಪಾಲು ಮಾಡಿ, "ತಿಂಗಳಿಗೆ ಹನ್ನೆರಡು ಸಾವಿರ ಕಟ್ಟುತ್ತೀಯೇನಮ್ಮಾ?" ಎಂದ. ಸೋರುವ ಶೀಟಿನ ಕೆಳಗೆ ಮೂರು ಮಕ್ಕಳನ್ನು ಮಲಗಿಸುತ್ತಿದ್ದವಳು. ಆಗಲ್ಲ ಅಂತಾಳೆಯೇ?

"ಕಟ್ತೀನಿ ಸಾವ್ಕಾರ್ರೇ" ಅಂದಳು.

ದೀಪಾವಳಿ ದಾಟಿತು, ಕಟ್ಟಿದಳು. ಪುಷ್ಯದಲ್ಲಿ ಕಿವಿಯೋಲೆ ಅಡವಿಟ್ಟು ಕಟ್ಟಿದಳು. ಮದುವೆಯ ದಿನಗಳಲ್ಲಿ ಹೇಗೋ ಕಟ್ಟಿದಳು. ಆಷಾಢ ಬಂತು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಹೂ ಬುಟ್ಟಿಯಲ್ಲೇ ಬಾಡಿತು. ಶ್ರೀಮಂತ ಬಾಗಿಲಿಗೆ ಬಂದ.

"ನನಗೇ ಮೋಸವೇನಮ್ಮಾ? ನಿನ್ನ ವ್ಯಾಪಾರ ನಾನೇ ಕೂತು ನೋಡಿದ್ದೀನಿ!"

"ನೋಡಿದ್ರಿ ಸಾವ್ಕಾರ್ರೇ. ಅವತ್ತು ನಿಮಗೆ ಒಂದ್ ಲೋಟ ಕಾಫಿ ಕೊಡೋಕೂ ಪುರುಸೊತ್ತಿರ್ಲಿಲ್ಲ. ಇವತ್ತು ಬೇಕಾದಷ್ಟು ಪುರುಸೊತ್ತಿದೆ, ಕೂತ್ಕೊಳ್ಳಿ. ಸಕ್ಕರೆ ಮಾತ್ರ ಕೇಳ್ಬೇಡಿ."

ಕಾಫಿ ಕುಡಿದ. ಬೀಗದ ಕೈಯನ್ನೂ ತೆಗೆದುಕೊಂಡು ಹೋದ. ಮಾತೆಂದರೆ ಮಾತು! ಆಮೇಲೆ ಅದೇ ಮನೆಯನ್ನು ಒಬ್ಬ ಗಾರೆ ಕೆಲಸದವನಿಗೆ ಕೊಟ್ಟ. ಅವನ ಸಂಪಾದನೆಯನ್ನು ಬೇಸಿಗೆಯಲ್ಲಿ ನೋಡಿದ್ದ. ಮುಂದಿನ ಮಳೆಗಾಲಕ್ಕೆ ಅವನೂ ಗಂಟುಮೂಟೆ ಕಟ್ಟಿದ.

ಈ ಕಥೆಯನ್ನು ಎಷ್ಟು ಊರುಗಳಲ್ಲಿ ಹೇಳಿದ್ದೇನೋ. ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಬಾಡಿಗೆ ಏರಿಸುತ್ತಾರೆ. ನನಗೂ ಸಾಕಾಗಿದೆ. ಆದರೂ ಹೇಳುತ್ತೇನೆ, ಕೇಳಿ.

ಮನೆ ಬಾಡಿಗೆಗೆ ಕೊಟ್ಟವರೇ, ಬಾಡಿಗೆಯವನು ಹೊಸ ಟಿ.ವಿ. ತಂದ ದಿನ ಅವನ ಸಂಪಾದನೆ ಅಳೆಯಬೇಡಿ. "ನಿನ್ನ ಕೈ ಖಾಲಿಯಾಗುವ ತಿಂಗಳು ಯಾವುದು?" ಎಂದು ಮೊದಲೇ ಕೇಳಿ. ಆ ತಿಂಗಳು ಅರ್ಧ ತೆಗೆದುಕೊಳ್ಳಿ. ಉಳಿದದ್ದು ಹಬ್ಬಕ್ಕೆ ಬರುತ್ತದೆ. ಮನೆ ಹುಡುಕುವವರೇ, ನೀವೂ ಆಸೆಗೆ ಬಿದ್ದು ಶ್ರಾವಣದ ಸಂಪಾದನೆ ಹೇಳಬೇಡಿ, ಆಷಾಢದ್ದನ್ನು ಹೇಳಿ. ನಾಚಿಕೆ ಒಂದು ಗಳಿಗೆಯದು, ಕಂತು ಹದಿನೈದು ವರ್ಷದ್ದು.

ಹೊರಗೆ ಚಪ್ಪಲಿ ಬಿಟ್ಟ ಕಡೆ ಒಬ್ಬ ಹೂವಿನವಳು ಕುಳಿತಿದ್ದಾಳೆ. ಬರುವಾಗ ನೋಡಿದೆ, ಬುಟ್ಟಿ ತುಂಬಿಯೇ ಇತ್ತು. ಈಗ ನಡೆಯುತ್ತಿರುವುದೂ ಆಷಾಢವೇ. ಅವಳ ಮನೆಯ ಮಾಲೀಕರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. ಚಪ್ಪಲಿ ಹಾಕಿಕೊಳ್ಳಲು ಹೇಗೂ ಬಗ್ಗುತ್ತೀರಲ್ಲ, ಆಗ ಅವಳಿಗೆ ಮೆಲ್ಲಗೆ ಒಂದು ಮಾತು ಹೇಳಿಬಿಡಿ: "ಈ ತಿಂಗಳು ಅರ್ಧ ಕೊಡಮ್ಮಾ, ಸಾಕು."