ಕಳಚಬೇಕಾದ ಪಟ್ಟಿಗೆ ನಾನು ಹಾಕಿದ ಗಂಟು

ಈ ಸವಾರಿ ಶಾಲೆಯ ಅಧ್ಯಕ್ಷರೂ, ಮುಟ್ಟಳ್ಳಿಯಲ್ಲಿ ಭತ್ತ ಕೊಯ್ದ ಗದ್ದೆಗೆ ಕುದುರೆ ಇಳಿಸಿದ ಮೊದಲಿಗರೂ ಆದ ದಿವಾಕರ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಸವಾರಿ ಕಲಿಯುವ ಮಕ್ಕಳೇ, ಅವರಿಗಿಂತ ಹೆಚ್ಚು ಹೆದರಿರುವ ತಂದೆತಾಯಿಗಳೇ, ಮತ್ತು ಫ್ಯಾನಿನ ಕೆಳಗೇ ಕುರ್ಚಿ ಎಳೆದುಕೊಂಡ ಜಾಣ ಸಭಿಕರೇ,

ಶಾಲು ಹೊದಿಸುವ ಮೊದಲೇ ನಾಲ್ಕು ಮಾತಾಡುತ್ತೇನೆ ಅಂತ ನಾನೇ ಕೇಳಿಕೊಂಡೆ. ಯಾಕೆ? ಶಾಲು ತಪ್ಪು ಹೆಗಲಿಗೆ ಬೀಳುತ್ತಿದೆ, ಅದರ ಜೊತೆಗೆ ಒಬ್ಬಳ ಕೆಲಸವೂ ಹೋಗಿದೆ.

ನಾನು ಯಾರು? ರವೀಂದ್ರ, ಹೊನ್ನಾವರದ ಬಂದರಿನಲ್ಲಿ ಮೂವತ್ತೆಂಟು ವರ್ಷದಿಂದ ಬಲೆ ರಿಪೇರಿ ಮಾಡುವವನು. ಹತ್ತು ವರ್ಷದವನಿದ್ದಾಗ ಅಪ್ಪನ ದೋಣಿಯನ್ನು ಸಡಿಲ ಕಟ್ಟಿದ್ದೆ. ಬೆಳಿಗ್ಗೆ ನೋಡಿದರೆ ದೋಣಿಯೇ ಇಲ್ಲ. ಅಪ್ಪ ಹೊಡೆಯಲಿಲ್ಲ, ಒಂದು ವಾರ ಮಾತು ಬಿಟ್ಟ. ಹೊಡೆದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನಾನು ಕಟ್ಟದೆ ಬಿಟ್ಟದ್ದು ಯಾವುದೂ ಇಲ್ಲ. ಮಾಡಿನ ತಗಡು ಕಟ್ಟುತ್ತೇನೆ, ಗ್ಯಾಸ್ ಸಿಲಿಂಡರನ್ನು ಕಿಟಕಿಗೆ ಕಟ್ಟುತ್ತೇನೆ. ಮದುವೆಯಲ್ಲಿ ಭಟ್ಟರು "ಸಾಕು ಮಾರಾಯಾ" ಅಂದರೂ ನಾಲ್ಕನೆಯ ಗಂಟು ಹಾಕಿದೆ ಅಂತ ನನ್ನ ಹೆಂಡತಿ ವೀಣಾ ಇವತ್ತಿಗೂ ದೂರುತ್ತಾಳೆ.

ಅಂಥವನನ್ನು ದಿವಾಕರ ಅವರು ಕರೆದರು. ಕುದುರೆಯ ಬೆನ್ನಿಗೆ ಬಿಗಿಯುವ ಇಂಗ್ಲಿಷ್ ಜೀನಿನಲ್ಲಿ ರಿಕಾಪು, ಅಂದರೆ ಸವಾರ ಕಾಲಿಡುವ ಕಬ್ಬಿಣದ ಬಳೆ, ಒಂದು ಚರ್ಮದ ಪಟ್ಟಿಯಲ್ಲಿ ತೂಗುತ್ತದೆ. ಆ ಪಟ್ಟಿಯನ್ನು ಜೀನಿನ ಅಡಿಯ ಸರಳಿಗೆ ಸಿಕ್ಕಿಸಿರುತ್ತಾರೆ. ಸರಳಿನ ಹಿಂತುದಿಯಲ್ಲಿ ಒಂದು ಪುಟ್ಟ ಚಿಲಕ. ಚಿಲಕ ಕೆಳಗಿದ್ದರೆ ಪಟ್ಟಿ ಹಿಂದಕ್ಕೆ ಜಾರಿ ಕಳಚಬಹುದು, ಮೇಲಿದ್ದರೆ ಇಲ್ಲ. ಒಂದು ದಿನ ಅಧ್ಯಕ್ಷರು ಕಾಲನ್ನು ತೀರಾ ಹಿಂದಕ್ಕೆ ಒತ್ತಿದರು, ಪಟ್ಟಿ ಕಳಚಿತು, ಅಧ್ಯಕ್ಷರು ಗದ್ದೆಯಲ್ಲಿ ಆಸೀನರಾದರು. ಇದನ್ನು ಹೇಳಬಾರದಿತ್ತೋ ಏನೋ. "ರವೀಂದ್ರಣ್ಣ, ಈ ಪಟ್ಟಿ ಜನ್ಮದಲ್ಲಿ ಬಿಚ್ಚಬಾರದು" ಅಂದರು. ನಾನು ಚಿಲಕ ಮೇಲೆತ್ತಿ, ಅದರ ಮೇಲೆ ಬಲೆಯ ನೈಲಾನ್ ದಾರ ಸುತ್ತಿ, ಆನೆ ಎಳೆದರೂ ಬಿಚ್ಚದ ಗಂಟು ಹಾಕಿದೆ.

ಲಾಯ ಗುಡಿಸಿ ಜೀನು ಒರೆಸುವ ಬಂಗಾರಿ ಅಲ್ಲೇ ಇದ್ದಳು. "ಇದೆಂತಕ್ಕೆ ಕಟ್ಟಿದ್ರಿ? ಬಿದ್ದವ್ರ ಕಾಲು ಸಿಕ್ಕಿಬಿದ್ರೆ ಪಟ್ಟಿ ಕಳಚಿ ಬರ್ಬೇಕು ಅಂತ ಕುದುರೆ ತಂದುಕೊಟ್ಟ ದಾಸಣ್ಣ ಹೇಳಿದ್ದ" ಅಂದಳು. ನಾನು ಏನಂದೆ? "ನಿಂಗೆ ಎಂತ ಗೊತ್ತು? ಗಂಟಿನ ವಿಷಯ ನಂಗೆ ಹೇಳ್ಬೇಡ" ಅಂದೆ.

ಮುಂದಿನದು ಪೇಪರಿನಲ್ಲಿ ಬಂದಿದೆ. ಅಧ್ಯಕ್ಷರ ಮಗಳು, ಕಾಲೇಜು ಓದುವ ಧನ್ಯಾ, ಮೋತಿ ಕುದುರೆಯ ಮೇಲಿದ್ದಳು. ಮೀನಿನ ಸ್ಕೂಟರಿನವನು ಹಾರ್ನ್ ಹೊಡೆದ. ಆ ಹಾರ್ನ್ ಕೇಳಿದರೆ ನಮಗೆ ಹಸಿವಾಗುತ್ತದೆ, ಮೋತಿಗೆ ಹುಚ್ಚು ಹಿಡಿಯಿತು. ಧನ್ಯಾ ಬಿದ್ದಳು, ಎಡಗಾಲು ರಿಕಾಪಿನಲ್ಲಿ ಸಿಕ್ಕಿಕೊಂಡಿತು. ಕುದುರೆ ಎರಡು ಮಾರು ಎಳೆಯುವಷ್ಟರಲ್ಲಿ ಪಟ್ಟಿ ಸರಕ್ಕನೆ ಕಳಚಿತು. ಹುಡುಗಿ ಗದ್ದೆಯಲ್ಲಿ ಉಳಿದಳು, ಕುದುರೆ ಮುಂದೆ ಹೋಯಿತು. "ಓಡುವ ಕುದುರೆಗೆ ಎದೆಗೊಟ್ಟ ರವೀಂದ್ರ" ಅಂತ ಬರೆದರು. ಸಭಿಕರೇ, ನಾನು ತೆಂಗಿನಮರದ ಹಿಂದೆ ಅಡಗಿದ್ದೆ. ನನ್ನ ಚೀಲದಲ್ಲಿ ಬಾಳೆಹಣ್ಣಿತ್ತು, ಮೋತಿ ತಾನಾಗಿ ಬಂದು ನಿಂತಿತು. ಫೋಟೋದಲ್ಲಿ ಬಾಳೆಹಣ್ಣು ಕಾಣುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಅದು ಮುಗಿದಿತ್ತು.

ಆದರೆ ನನ್ನ ಗಂಟು ಎಲ್ಲಿ ಹೋಯಿತು? ಅಧ್ಯಕ್ಷರು ಜೀನು ನೋಡಿದರು. ದಾರವನ್ನು ಯಾರೋ ಕತ್ತರಿಸಿದ್ದರು, ಚಿಲಕ ಕೆಳಗಿತ್ತು. "ಯಾರು ಮಾಡಿದ್ದು?" ಅಂದರು. "ನಾನೇ" ಅಂದಳು ಬಂಗಾರಿ. ಅವಳು ಕಾರಣ ಹೇಳುವ ಮೊದಲೇ "ನಾಳೆಯಿಂದ ಬರಬೇಡ" ಅಂದುಬಿಟ್ಟರು. ಪಟ್ಟಿ ಕಳಚಿದ್ದರಿಂದಲೇ ಮಗಳು ಬಿದ್ದಳು ಅಂದುಕೊಂಡ ತಂದೆಗೆ ಕೋಪ ಬಾರದೆ ಇರುತ್ತದೆಯೇ? ನಾನು ಲಗಾಮು ಹಿಡಿದು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನನ್ನ ಗಂಟು ಕತ್ತರಿಸಿದ ಸಿಟ್ಟು ನನಗೂ ಇತ್ತು.

ಮತ್ತೆ ಗಂಟು ಹಾಕಲು ಜೀನನ್ನು ಮನೆಗೆ ಒಯ್ದು ಬೆಂಚಿಗೆ ಬಿಗಿದೆ. ಒಂದು ಪಟ್ಟಿಗೆ ಗಂಟು ಹಾಕಿ, ವೀಣಾಳಿಗೆ ರಿಕಾಪು ಹಿಡಿದು ಹಿಂದಕ್ಕೆ ಎಳೆ ಅಂದೆ. ಎಳೆದಳು. ಜೀನು, ಬೆಂಚು, ಬೆಂಚಿನ ಮೇಲಿದ್ದ ನನ್ನ ಚಹಾ, ಎಲ್ಲ ಅವಳ ಹಿಂದೆ ಅಡುಗೆಮನೆಯ ಬಾಗಿಲವರೆಗೆ ಹೋದವು. ಗಂಟಿಲ್ಲದ ಇನ್ನೊಂದನ್ನು ಎಳೆದಳು. ಪಟ್ಟಿ ಮಾತ್ರ ಕಳಚಿ ಬಂತು, ಅವಳು ದೊಪ್ಪನೆ ಕೂತಳು. ಬೆಂಚು ಅಲ್ಲಾಡಲಿಲ್ಲ. ನೆಲದಲ್ಲಿ ಕೂತೇ ಹೇಳಿದಳು, "ಗೊತ್ತಾತಲ್ಲ? ಬಂಗಾರಿ ಕತ್ತರಿಸದೆ ಇದ್ದಿದ್ರೆ ಹುಡುಗಿ ತಲೆ ಗದ್ದೆಯಂಚಿಗೆ ಬಡೀತಿತ್ತು."

ಇದು ಮೂರು ವಾರದ ಹಿಂದಿನ ಮಾತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ? ಶಾಲು, ಸ್ವಾಮಿ. ಅರವತ್ತೆರಡು ವರ್ಷದಲ್ಲಿ ನನಗೆ ಯಾರೂ ಶಾಲು ಹೊದಿಸಿಲ್ಲ. ಆಮಂತ್ರಣದಲ್ಲಿ ಹೆಸರು ನೋಡಿ ಆಸೆಯಾಯಿತು. ನನ್ನ ಆಸೆಗೆ ಬಂಗಾರಿ ಕೆಲಸವಿಲ್ಲದೆ ಮನೆಯಲ್ಲಿ ಕೂತಳು. ನನಗೆ ನಾಚಿಕೆಯಾಗುತ್ತಿದೆ.

ಅಧ್ಯಕ್ಷರೇ, ಬಂಗಾರಿಯನ್ನು ನಾಳೆಯೇ ಕರೆಸಿಕೊಳ್ಳಿ. ಗುಡಿಸುವುದಕ್ಕಲ್ಲ, ಮಕ್ಕಳು ಏರುವ ಮೊದಲು ಜೀನಿನ ಎರಡೂ ಬದಿಯ ಚಿಲಕ ಕೆಳಗಿದೆಯೇ ಅಂತ ನೋಡುವುದಕ್ಕೆ. ಅವಳು "ಆತು" ಅನ್ನದೆ ಯಾರೂ ಕುದುರೆ ಹತ್ತಬಾರದು. ನೀವು ಒಪ್ಪುವವರೆಗೆ ನಾನು ಮೈಕು ಬಿಡುವುದಿಲ್ಲ. ಬಲೆಯಲ್ಲಿ ಇಪ್ಪತ್ತೇಳು ಬಗೆಯ ಗಂಟುಗಳಿವೆ, ಒಂದೊಂದಾಗಿ ವಿವರಿಸುತ್ತೇನೆ. ಮೊದಲನೆಯದು...

ಧನ್ಯಾ, ಎಲ್ಲಿಗೆ ಹೊರಟೆ? ಸಭಿಕರೇ, ದಯವಿಟ್ಟು ದಾರಿ ಬಿಡಿ. ಅಧ್ಯಕ್ಷರ ಮಗಳು ಅಧ್ಯಕ್ಷರ ಕೈಯಿಂದ ಶಾಲು ಕಿತ್ತುಕೊಂಡು, ಬಂಗಾರಿಯ ಮನೆಗೆ ಹೋಗಲು ಸ್ಕೂಟರ್ ತೆಗೆಯುತ್ತಿದ್ದಾಳೆ. ಅಧ್ಯಕ್ಷರು ತಡೆಯಲಿಲ್ಲ. "ಹೆಲ್ಮೆಟ್ ಹಾಕ್ಕೋ" ಅಂದರು, ಅಷ್ಟೇ. ಇದನ್ನು ಒಪ್ಪಿಗೆಯೆಂದು ಸಭೆ ತಿಳಿಯಬೇಕು. ಇಷ್ಟು ಹೊತ್ತು ಸಹಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ, ನಮಸ್ಕಾರ.