ಜಗಳಕ್ಕೊಂದು ಜಾಗ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಬಂದು ಕೂತರು. ಇಬ್ಬರ ಕೆನ್ನೆಯೂ ಊದಿರಲಿಲ್ಲ.

"ಸರಿ ಅತ್ತೆ, ಈಗ ಶುರು ಮಾಡಿ. ಬೆಳಿಗ್ಗೆ ಏನೋ ಹೇಳೋಕೆ ಬಂದು ನುಂಗಿಕೊಂಡ್ರಲ್ಲ."

"ನಿನ್ನ ಅಡುಗೆಗೆ ಉಪ್ಪಿಲ್ಲ, ನಾಲಿಗೆಗೆ ಲಗಾಮಿಲ್ಲ."

"ಸದ್ಯ, ಹೇಳಿದ್ರಲ್ಲ! ನಿಮ್ಮ ಮುಖ ನೋಡೋಕಾಗ್ತಿರಲಿಲ್ಲ."

"ಅಡುಗೆಮನೇಲಿ ಹೇಗೆ ಹೇಳಲಿ? ನನ್ನ ಮಗ ತಂದಿಟ್ಟ ಆ ಮಾತಾಡೋ ಡಬ್ಬಿ ಕಿವಿ ತೆರೆದುಕೊಂಡು ಕೂತಿರುತ್ತೆ. ಸ್ವಲ್ಪ ದನಿ ಎತ್ತಿದ್ರೆ ಸಾಕು, ಅವನ ಫೋನಿಗೆ ಚಾಡಿ ಹೋಗುತ್ತೆ."

"ಹೋದ ವಾರ ನೀವು ಬೈದಾಗ 'ಮನೇಲಿ ಯಾರಿಗೋ ಬೇಜಾರಾಗಿದೆ' ಅಂತ ಅವರಿಗೆ ತಿಳಿಸಿ, ತಾನಾಗೇ ಕೊಳಲು ಹಾಕ್ತು."

"ಕೊಳಲು ಊದ್ತಾ ಇದ್ರೆ ಬೈಯೋಕೆ ಬಾಯಿ ಬರುತ್ತೇನೇ?"

"ನಿಮ್ಮ ಮಗ ಮಾತ್ರ ಈಗ ನಮ್ಮನೆ ತಣ್ಣಗಿದೆ ಅಂತ ಊರೆಲ್ಲ ಹೇಳ್ಕೊಂಡು ಬರ್ತಿದ್ದಾರೆ."

"ಹೇಳ್ಕೊಳ್ಳಲಿ. ಅವನನ್ನ ಬೈಯೋಕೆ ನಾಳೆ ಎಲ್ಲಿಗೆ ಹೋಗೋಣ?"

"ಕಣ್ಣಿನ ಡಾಕ್ಟರ ಹತ್ರ. ಅಲ್ಲಿ ಇನ್ನೂ ಜಾಸ್ತಿ ಹೊತ್ತು ಕಾಯಿಸ್ತಾರೆ."

ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ತಿರುಗಿ ನೋಡಿದರು. ನಾನು ಕೈಗೆ ಸಿಕ್ಕ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

"ಏಳಿ ಅತ್ತೆ, ಹೋಗೋಣ."

"ಮನೆ ಡಬ್ಬೀನೇ ವಾಸಿ ಕಣೆ," ಎಂದರು ಅತ್ತೆ, ಚಪ್ಪಲಿ ಮೆಟ್ಟುತ್ತಾ, ನನಗೆ ಚೆನ್ನಾಗಿ ಕೇಳುವ ಹಾಗೆ. "ಕದ್ದು ಕೇಳಿಸಿಕೊಳ್ಳುವಾಗ ಅದರ ದೀಪನಾದ್ರೂ ಹತ್ತಿಕೊಳ್ಳುತ್ತೆ."